ಪ್ಲಗ್ಗಿಗೆ ಸುತ್ತಿದ ದಾರ

ಶನಿವಾರ ಬೆಳಿಗ್ಗೆ ಆರಕ್ಕೆ ನನ್ನ ಫೋನಿನಲ್ಲಿ ಪಾಲಯ್ಯನ ಹೆಸರು ಬಂತು. ಅವನು ನನ್ನ ತಮ್ಮ, ತೀರಿಕೊಂಡು ಆಗಲೇ ಮೂರು ತಿಂಗಳಾಗಿತ್ತು. ಬದುಕಿದ್ದ ಕೊನೆಯ ಆರು ವರ್ಷದಲ್ಲಿ ಆ ಹೆಸರು ಒಂದು ಸಲವೂ ನನ್ನ ಫೋನಿನಲ್ಲಿ ಮೂಡಿರಲಿಲ್ಲ. ನಾನೂ ಅದನ್ನು ಒತ್ತಿರಲಿಲ್ಲ. ಕೈಯಲ್ಲಿ ಹಿಡಿದು ನೋಡುತ್ತಾ ನಿಂತೆ, ರಿಂಗು ನಿಂತುಹೋಯಿತು. ಎರಡನೇ ಸಲ ಬಂದಾಗ ತೆಗೆದೆ.

ಮಾತಾಡಿದವಳು ಅವನ ಹೆಂಡತಿ ರಾಧಿಕಾ. ಮಣ್ಣು ಮಾಡಿದ ದಿನ ದೂರದಿಂದ ನೋಡಿದ್ದು ಬಿಟ್ಟರೆ ನನಗೆ ಅವಳ ಪರಿಚಯ ಇರಲಿಲ್ಲ. ಮಡಕಶಿರದ ಗಾರ್ಮೆಂಟ್ಸ್‌ನಲ್ಲಿ ಬಟ್ಟೆಗಳ ಹೊರಬಂದ ದಾರ ಕತ್ತರಿಸುವ ಟ್ರಿಮ್ಮಿಂಗ್ ಟೇಬಲ್ಲಿನಲ್ಲಿ ಅವಳಿಗೆ ಕೆಲಸ. ಪಾಲಯ್ಯ ಅದೇ ಕಂಪನಿಯಲ್ಲಿ ಲಾನ್ ಕತ್ತರಿಸುವ ಗಾಡಿ ಓಡಿಸುತ್ತಿದ್ದ, ಪುಟ್ಟ ಟ್ರ್ಯಾಕ್ಟರಿನ ಹಾಗೆ ಮೇಲೆ ಕೂತು ಓಡಿಸುವಂಥದ್ದು. ಅವನ ಜಾಗ ತನಗೆ ಕೊಡಿ ಎಂದು ಅವಳು ಕೇಳಿದ್ದಳು. ಭಾನುವಾರಗಳಲ್ಲಿ ಅವನೇ ಅವಳನ್ನು ಕೂರಿಸಿ ಕಲಿಸಿದ್ದನಂತೆ. ಕಂಪನಿಯವರು ಒಪ್ಪಿದ್ದರು. ಆದರೆ ಮೂರು ತಿಂಗಳು ಮೂಲೆಯಲ್ಲಿ ನಿಂತ ಗಾಡಿ ಈಗ ಶುರುವಾಗುತ್ತಿಲ್ಲ, ಸ್ಪಾರ್ಕ್ ಪ್ಲಗ್ ಬದಲಿಸೋಣವೆಂದರೆ ಅದು ತಿರುಗುತ್ತಲೇ ಇಲ್ಲ. ಸೋಮವಾರ ಹೊರದೇಶದ ಬಯರ್‌ಗಳು ಬರುವವರಿದ್ದರು. ಅಷ್ಟರೊಳಗೆ ಗಾಡಿ ಓಡದಿದ್ದರೆ ಲಾನ್ ಕೆಲಸವನ್ನು ಹಿಂದೂಪುರದ ಕಂಟ್ರಾಕ್ಟರಿಗೆ ಕೊಟ್ಟುಬಿಡುತ್ತಾರೆ, ಡ್ರೈವರ್ ಕೆಲಸವೇ ಇರುವುದಿಲ್ಲ.

ಅವರ ಫೋನಿನಲ್ಲಿ ನಿಮ್ಮ ನಂಬರಿತ್ತು ಎಂದಳು. ನಿಮ್ಮ ಕೈಯಲ್ಲಿ ಆಗದ್ದು ಯಾವುದೂ ಇಲ್ಲ ಅಂತ ಅವರು ಹೇಳ್ತಿದ್ದರು ಎಂದಳು.

ನಾನು ರಾಯದುರ್ಗದಲ್ಲಿ ಜೀನ್ಸ್ ಯೂನಿಟ್ಟುಗಳ ಹೊಲಿಗೆ ಮಿಷನ್ ಮೆಕ್ಯಾನಿಕ್. ಬಿ.ಎ. ಮುಗಿಸಿ, ಎರಡು ವರ್ಷ ಸುಮ್ಮನೆ ಕೂತು, ಬಳಿಕ ಹಿಡಿದ ಕೆಲಸ. ನನ್ನ ಹಿಂದೆಯೇ ಪಾಲಯ್ಯನೂ ಆ ಕೆಲಸಕ್ಕೆ ಬಂದ. ಅವನಿಗೆ ಕಲಿಸಿದವನು ನಾನೇ. ಫೋನಿಟ್ಟವನೇ ಬಸ್ಸು ಹತ್ತಿದೆ. ಕಲ್ಯಾಣದುರ್ಗ, ಪಾವಗಡ ದಾಟಿ ಮಡಕಶಿರದಲ್ಲಿ ಇಳಿಯುವವರೆಗೆ ತೊಡೆಯ ಮೇಲೆ ಸಾಮಾನಿನ ಚೀಲ ಇಟ್ಟುಕೊಂಡೇ ಕೂತಿದ್ದೆ.

ಕಂಪನಿ ಗೇಟಿನ ಹೊರಗೆ ಕಡಲೆಕಾಯಿ ಹೊಲ, ಒಳಗೆ ಒಂದೂವರೆ ಎಕರೆ ಲಾನ್. ಅದಕ್ಕೆ ದಿನಾ ಟ್ಯಾಂಕರಿನಲ್ಲಿ ನೀರು ಬರುತ್ತಿತ್ತು. ಶೆಡ್ಡಿನಲ್ಲಿ ಗಾಡಿಯ ಪಕ್ಕ ಮೆಂಟೇನೆನ್ಸ್ ಇನ್‌ಚಾರ್ಜ್ ಲಕ್ಷ್ಮಣಪ್ಪ ಕಾಯುತ್ತಿದ್ದ. ಪ್ಲಗ್ ಪಾನಾಗೆ ಎರಡಡಿ ಕಬ್ಬಿಣದ ಪೈಪು ತೂರಿಸಿ ಸಿದ್ಧ ಮಾಡಿಕೊಂಡಿದ್ದ. ನಾಲ್ಕು ಜನ ಜೋತುಬಿದ್ದರೆ ಬಂದೇ ಬರುತ್ತದೆ ಅಂದ. ಬರುವುದು ಪ್ಲಗ್ಗಿನ ತಲೆ ಮಾತ್ರ, ಮಿಕ್ಕಿದ್ದು ಒಳಗೇ ಉಳಿಯುತ್ತದೆ, ಆಮೇಲೆ ಇಂಜಿನ್ನೇ ಹೋಗುತ್ತದೆ ಎಂದು ಹೇಳಿ ಪೈಪು ತೆಗೆಸಿದೆ. ಪಾಲಯ್ಯನೇ ಏನೋ ಕೆಡಿಸಿಟ್ಟು ಹೋಗಿದ್ದಾನೆ, ಕೆಡಿಸಿದವನ ಹೆಂಡತಿಗೇ ಗಾಡಿ ಕೊಡಬೇಕೇನು ಎಂದು ಮ್ಯಾನೇಜರ್ ಕೇಳಿದರೆ ಏನು ಹೇಳಲಿ ಎಂದು ಗೊಣಗಿದ. ರಾಧಿಕಾ ಶೆಡ್ಡಿನ ಕಂಬಕ್ಕೆ ಒರಗಿ ನಿಂತಿದ್ದಳು. ಊಟದ ಬಿಡುವಿನಲ್ಲಿ ಬಂದಿದ್ದಳು, ಕತ್ತರಿ ಇನ್ನೂ ಕೊರಳ ಟೇಪಿನಲ್ಲಿ ತೂಗುತ್ತಿತ್ತು.

ನಾನು ಬಗ್ಗಿ ಪ್ಲಗ್ಗಿನ ಬುಡಕ್ಕೆ ಬ್ಯಾಟರಿ ಬೆಳಕು ಹಿಡಿದೆ. ಎಣ್ಣೆ ಧೂಳಿನ ನಡುವೆ, ವಾಷರಿನ ಅಂಚಿನಿಂದ, ಒಂದು ಬೆರಳಿನಷ್ಟು ಕಿತ್ತಳೆ ಬಣ್ಣದ ದಾರ ಹೊರಗೆ ಇಣುಕುತ್ತಿತ್ತು.

ಜೀನ್ಸ್ ಪ್ಯಾಂಟಿನ ಮೇಲ್ಹೊಲಿಗೆಗೆ ಹಾಕುವ ದಪ್ಪ ದಾರ ಅದು. ಹೊಲಿಗೆ ಮಿಷನ್ನಿನಲ್ಲಿ ಸ್ಕ್ರೂ ಕೂರುವ ತೂತು ಸವೆದರೆ, ಸ್ಕ್ರೂವಿಗೆ ಆ ದಾರವನ್ನು ನಾಲ್ಕು ಸುತ್ತು ಸುತ್ತಿ ಬಿಗಿದರೆ ಅದುರಿದರೂ ಬಿಚ್ಚುವುದಿಲ್ಲ. ರಾಯದುರ್ಗದಲ್ಲಿ ಪಾಲಯ್ಯನಿಗೆ ಅದನ್ನು ನಾನು ಕಲಿಸಿದ್ದೆ. ತುದಿಯನ್ನು ಕತ್ತರಿಸಬಾರದು, ಬೆರಳಷ್ಟು ಹೊರಗೆ ಬಿಡಬೇಕು, ನಾಳೆ ಬಿಚ್ಚುವವನಿಗೆ ಒಳಗೆ ದಾರ ಇದೆ ಅಂತ ಗೊತ್ತಾಗಬೇಕು ಎಂದೂ ಹೇಳಿದ್ದೆ. ಮಿಷನ್ನು ತಣ್ಣಗಿರುತ್ತದೆ. ಇಂಜಿನ್ನು ಕಾಯುತ್ತದೆ, ದಾರ ಕರಗಿ ಅರಗಿನಂತೆ ಕಚ್ಚಿಕೊಳ್ಳುತ್ತದೆ. ಅಷ್ಟು ತಿಳಿಯದ ಮೆಕ್ಯಾನಿಕ್ ಅಲ್ಲ ಅವನು. ಹಾಗಿದ್ದೂ ಯಾಕೆ ಸುತ್ತಿದ ಎನ್ನುವುದು ಆಗ ನನಗೆ ಹೊಳೆಯಲಿಲ್ಲ.

ಆರು ವರ್ಷದ ಹಿಂದಿನದನ್ನು ಇಲ್ಲಿ ಹೇಳಿಬಿಡಬೇಕು. ನಾವಿಬ್ಬರೂ ರೇವಣಸಿದ್ದಯ್ಯನವರ ಯೂನಿಟ್ಟಿನಲ್ಲಿದ್ದೆವು. ಹದಿನಾಲ್ಕನೇ ಮಿಷನ್ನಿನಲ್ಲಿ, ಸೂಜಿಯ ಕೆಳಗೆ ಬೆರಳು ಹೋಗದಂತೆ ತಡೆಯುವ ಪುಟ್ಟ ಗಾರ್ಡಿನ ಸ್ಕ್ರೂ ತೂತು ಸವೆದಿತ್ತು. ಒಂದು ಸಂಜೆ ಪಾಲಯ್ಯ ಅದನ್ನು ಬಿಚ್ಚಿ, ದಾರ ಸುತ್ತಿ, ಬಿಗಿದಿದ್ದ. ಮರುದಿನ ಅವನು ಬರುವ ಮೊದಲೇ, ಅವನ ಬಿಗಿತ ಸಾಲದೇನೋ ಎಂದು, ನಾನು ಮತ್ತೆ ಬಿಚ್ಚಿದೆ. ಅವನ ದಾರ ಕಿತ್ತೆಸೆದೆ. ಹೊಸದು ಸುತ್ತುವಷ್ಟರಲ್ಲಿ ಯಾರೋ ಕರೆದರು. ಬಂದು, ದಾರ ಮರೆತು, ಹಾಗೇ ಬಿಗಿದುಬಿಟ್ಟೆ. ಗಂಟೆಯೊಳಗೆ ಗಾರ್ಡು ಕಳಚಿ, ಓಬಮ್ಮ ಎಂಬುವಳ ತೋರುಬೆರಳು ಸೂಜಿಯ ಕೆಳಗೆ ಹೋಯಿತು. ಸೂಜಿ ಮೂಳೆಯಲ್ಲಿ ಮುರಿಯಿತು. ಬೆರಳಿನ ಮೇಲಿನ ಗೆಣ್ಣು ತೆಗೆಯಬೇಕಾಯಿತು.

ಕೊನೆಯ ಸಲ ಇದನ್ನ ಮುಟ್ಟಿದವರು ಯಾರು ಎಂದು ರೇವಣಸಿದ್ದಯ್ಯ ನಮ್ಮಿಬ್ಬರನ್ನೂ ನಿಲ್ಲಿಸಿ ಕೇಳಿದರು. ಪಾಲಯ್ಯ ನೆಲದ ಮೇಲಿದ್ದ ಸ್ಕ್ರೂ ಎತ್ತಿ ನೋಡಿದ. ಅದಕ್ಕೆ ದಾರವಿರಲಿಲ್ಲ.

“ನಾನ ಇರಬೇಕ್ರಿ,” ಅಂದ. “ದಾರ ಸುತ್ತೋದು ಮರ್ತೀನಿ ಅನ್ನಸ್ತದ.”

ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ನಾನು ಮಾತಾಡಲಿಲ್ಲ. ಅವತ್ತೇ ಅವನನ್ನು ಕೆಲಸದಿಂದ ಬಿಡಿಸಿದರು. ಬೆಂಗಳೂರಿಗೆ ಹೋದ, ಆಮೇಲೆ ಮಡಕಶಿರಕ್ಕೆ ಬಂದು ಅಗಳಿಯ ಹುಡುಗಿಯನ್ನು ಮದುವೆಯಾದ ಎಂದು ಕೇಳಿದೆ. ಅವನಿಗೆ ಎಲ್ಲ ಗೊತ್ತಿದೆ, ಗೊತ್ತಿದ್ದೇ ನನ್ನ ತಪ್ಪನ್ನು ತಲೆ ಮೇಲೆ ಹಾಕಿಕೊಂಡ ಎಂದೇ ನಾನು ನಂಬಿದ್ದೆ. ಹಾಗೆ ಹಾಕಿಕೊಂಡವನಿಗೆ ಫೋನ್ ಮಾಡಿ ಏನು ಹೇಳುವುದು? ವರ್ಷ ಕಳೆದಂತೆ ಹೇಳುವುದು ಇನ್ನೂ ಕಷ್ಟವಾಯಿತು. ಆಮೇಲೆ ಅವನಿಗೆ ಡೆಂಗಿ ಜ್ವರ ಬಂತು, ಐದೇ ದಿನ.

ಪೆಟ್ರೋಲ್ ಪೂರ್ತಿ ಇಳಿಸಿ ದೂರ ಇಡಿಸಿದೆ. ಗಾಡಿಯನ್ನು ಶೆಡ್ಡಿನ ಹೊರಗೆ ತಳ್ಳಿ ಗಾಳಿಗೆ ನಿಲ್ಲಿಸಿದೆ. ಕಚ್ಚಿಕೊಂಡ ದಾರ ಮೆತ್ತಗಾಗಬೇಕಾದರೆ ಸುತ್ತಲಿನ ಅಲ್ಯೂಮಿನಿಯಂ ಕಾಯಬೇಕು, ಆದರೆ ಇಂಜಿನ್ ಶುರುವಾಗದೆ ಅದು ಕಾಯುವುದಿಲ್ಲ. ಬೆಂಕಿ ಹಚ್ಚುವ ಹಾಗಿಲ್ಲ. ಫಿನಿಶಿಂಗ್ ಸೆಕ್ಷನ್ನಿನಿಂದ ಒಂದು ಇಸ್ತ್ರಿ ಪೆಟ್ಟಿಗೆ ಬೇಕು ಎಂದೆ. ಲಕ್ಷ್ಮಣಪ್ಪ ನನ್ನ ಮುಖ ನೋಡಿದ.

“ಇಂಜಿನ್‌ಗೆ ಇಸ್ತ್ರಿ ಹಾಕ್ತೀರಾ? ಹಾಕಿ ಹಾಕಿ, ಬಯರ್‌ಗಳು ಬರ್ತಾವ್ರಲ್ಲ, ಮಡಿಕೆ ಕಾಣಬಾರ್ದು.”

ನಗುತ್ತಲೇ ಹೋಗಿ ತಂದುಕೊಟ್ಟ. ನಾನು ಇಸ್ತ್ರಿಯನ್ನು ಇಂಜಿನ್ನಿನ ತಲೆಗೆ ಆನಿಸಿ ಹಿಡಿದು ಕೂತೆ. ಹತ್ತು ನಿಮಿಷ ಹಿಡಿಯುವುದು, ಪಾನಾ ಹಾಕಿ ಕೂದಲೆಳೆಯಷ್ಟು ಬಿಚ್ಚುವ ಕಡೆಗೆ ಒತ್ತುವುದು, ಅಷ್ಟೇ ಹಿಂದಕ್ಕೆ ಒತ್ತುವುದು, ಮತ್ತೆ ಇಸ್ತ್ರಿ. ಬಿಡುವಿನ ಗಂಟೆ ಮುಗಿದರೂ ರಾಧಿಕಾ ಹೋಗಲಿಲ್ಲ. ಎದುರಿಗೆ ಕಲ್ಲಿನ ಮೇಲೆ ಕೂತು, ನಾನು ಕೇಳದೆಯೇ, ತಗ್ಗಿದ ದನಿಯಲ್ಲಿ ಹೇಳತೊಡಗಿದಳು.

ಪಾಲಯ್ಯ ಇಲ್ಲಿ ಹೊಲಿಗೆ ಮಿಷನ್ ಮುಟ್ಟಲೇ ಇಲ್ಲವಂತೆ. ಲೈನ್ ಮೆಕ್ಯಾನಿಕ್ ಕೆಲಸ ಖಾಲಿ ಇದ್ದಾಗಲೂ ಬೇಡವೆಂದು ಹುಲ್ಲು ಕತ್ತರಿಸುವ ಗಾಡಿಯನ್ನೇ ಕೇಳಿ ಪಡೆದನಂತೆ. ರಾಯದುರ್ಗದ ಕಡೆಯವರು ಯಾರು ಸಿಕ್ಕರೂ ಓಬಮ್ಮ ಎಂಬ ಹೆಂಗಸು ಹೇಗಿದ್ದಾಳೆ, ಊಟ ಕಲಸಲು ಬರುತ್ತದಾ ಎಂದು ಕೇಳುತ್ತಿದ್ದನಂತೆ. ಈ ಪ್ಲಗ್ಗಿನ ತೂತು ಮೊದಲೇ ಸವೆದಿತ್ತು. ಹೊಸದು ಮಾಡಿಸಿ ಎಂದು ಲಕ್ಷ್ಮಣಪ್ಪನಿಗೆ ಮೂರು ಸಲ ಹೇಳಿದ್ದನಂತೆ, ಮಾಡಿಸಿರಲಿಲ್ಲ. ಗಾಡಿ ಓಡುವಾಗ ಪ್ಲಗ್ ಹಾರಿ ಬಂದು ಹುಲ್ಲು ಕೀಳುವ ಹೆಂಗಸರಿಗೆ ಬಡಿದರೆ ಎಂಬ ಭಯ ಅವನಿಗೆ.

“ಇಂಜಿನ್‌ಗೆ ದಾರ ಹಾಕ್ಬಾರ್ದು ಅಂತ ಅವ್ರಿಗೂ ಗೊತ್ತಿತ್ತು ಬಾವ,” ಅಂದಳು. “ಆದ್ರೂ ಹಾಕಿದ್ರು. ಮನೇಲಿ ನಲ್ಲಿಗೆ, ಬಾಗ್ಲು ಚಿಲಕಕ್ಕೆ, ಎಲ್ಲಾದಕ್ಕೂ ಸುತ್ತಿದ್ರು. ಆವತ್ತು ಸುತ್ತಿದ್ನೋ ಇಲ್ವೋ, ಸುತ್ತಿದಂಗೇ ಗ್ಯಾಪಕ ಐತಲ್ಲ ಅಂತ ಕೂತ್ಕೊಂಡು ಯೋಚ್ನೆ ಮಾಡೋರು.”

ಇಸ್ತ್ರಿ ನನ್ನ ಮುಂಗೈಗೆ ತಗುಲಿತು. ಚರ್ಮ ಸುಟ್ಟ ಮೇಲೆ ಗೊತ್ತಾಯಿತು.

ಅವನಿಗೆ ಗೊತ್ತಿರಲಿಲ್ಲ. ನನಗಾಗಿ ಅವನು ಏನನ್ನೂ ಹೊತ್ತಿರಲಿಲ್ಲ. ತನ್ನದೇ ತಪ್ಪೆಂದು ನಂಬಿ ಹೊತ್ತಿದ್ದ. ಸುತ್ತಿದ್ದ ನೆನಪು ಅವನಿಗೆ ನಿಜವಾಗಿಯೇ ಇತ್ತು. ಆ ನೆನಪನ್ನು ಸುಳ್ಳು ಮಾಡಿದ್ದು ನಾನು ಬಾಯಿ ಮುಚ್ಚಿಕೊಂಡದ್ದು.

ಹೊತ್ತು ಇಳಿಯುವಾಗ ಪ್ಲಗ್ ಕಿರ್ ಎಂದಿತು. ಕಾಲು ಸುತ್ತು ಬಂತು. ಹಿಂದಕ್ಕೆ ಒತ್ತಿ, ಮತ್ತೆ ಕಾಲು. ಆಮೇಲೆ ಅರ್ಧ. ಕೊನೆಗೆ ಬಟ್ಟೆಯಲ್ಲಿ ಹಿಡಿದು ಕೈಯಿಂದಲೇ ತಿರುಗಿಸಿ ತೆಗೆದೆ. ಕೆಳಗಿನ ಸುತ್ತುಗಳಲ್ಲಿ ದಾರ ಕರಗಿ ಕಪ್ಪಾಗಿ ಅಂಟಿತ್ತು. ಮೇಲಿನ ಒಂದು ಸುತ್ತು ಮಾತ್ರ ಕಿತ್ತಳೆಯಾಗಿಯೇ ಇತ್ತು. ಅಲ್ಯೂಮಿನಿಯಂ ತೂತಿನ ತಿರುಪು ಗೆರೆಗಳು ಅರ್ಧಕ್ಕರ್ಧ ಸವೆದುಹೋಗಿದ್ದವು.

ಲಕ್ಷ್ಮಣಪ್ಪ ಪ್ಲಗ್ಗನ್ನು ಇಸಿದುಕೊಂಡು ಬೆಳಕಿಗೆ ಹಿಡಿದ. ಶಿಫ್ಟು ಬಿಟ್ಟ ಹತ್ತಾರು ಜನ ಸುತ್ತ ನಿಂತಿದ್ದರು.

“ನೋಡ್ರಪ್ಪ, ಪ್ಯಾಂಟ್ ಹೊಲ್ದಂಗೆ ಇಂಜಿನ್ ಹೊಲ್ದವ್ನೆ. ಯಾವ ಪುಣ್ಯಾತ್ಮ ಕಲಿಸಿದ್ನೋ ಇದನ್ನ.”

ಜನ ನಕ್ಕರು. ರಾಧಿಕಾ ತಲೆ ತಗ್ಗಿಸಿದಳು. ನನ್ನ ಕೈಯಲ್ಲಿ ಈಗ ಪಾನಾ ಇತ್ತು.

“ನಾನ ಕಲಿಸಿದ್ದು,” ಅಂದೆ. “ಅವನ ತಪ್ಪಿಲ್ಲ ಇದರಾಗ. ತೂತು ಸವೆದೈತಿ ಅಂತ ಅವ ನಿಮಗ ಮೂರು ಸಲ ಹೇಳ್ಯಾನ.” ಲಕ್ಷ್ಮಣಪ್ಪ ಪ್ಲಗ್ಗನ್ನು ನನ್ನ ಕೈಗೆ ವಾಪಸ್ ಕೊಟ್ಟ. ನನಗೆ ಅಲ್ಲಿಗೆ ನಿಲ್ಲಿಸಲು ಆಗಲಿಲ್ಲ. ರಾಧಿಕಾಳ ಕಡೆ ತಿರುಗಿದೆ. “ಓಬಮ್ಮನ ಬೆರಳು ಹೋಗಿದ್ದೂ ಅವನಿಂದ ಅಲ್ಲಮ್ಮ. ಅವ ದಾರ ಸುತ್ತಿದ್ದ. ಬೆಳಿಗ್ಗಿ ಬಿಚ್ಚಿ ಹಂಗ ಬಿಗಿದಾವ ನಾನು.”

ಸುತ್ತ ನಿಂತವರಿಗೆ ಇದು ಯಾವ ವಿಷಯವೆಂದು ಅರ್ಥವಾಗಲಿಲ್ಲ. ಒಬ್ಬೊಬ್ಬರಾಗಿ ಕಂಪನಿ ಬಸ್ಸಿನ ಕಡೆ ಹೋದರು. ರಾಧಿಕಾ ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅವಳೂ ಹೋಗಿ ಬಸ್ಸು ಹತ್ತಿದಳು.

ಇಂಜಿನ್ನಿನ ತಲೆ ಬಿಚ್ಚಿಕೊಂಡು ಊರೊಳಗಿನ ಲೇತ್ ಅಂಗಡಿಗೆ ಹೋದೆ. ಲಕ್ಷ್ಮಣಪ್ಪನೇ ತನ್ನ ಬೈಕಿನಲ್ಲಿ ಕರೆದೊಯ್ದ. ತೂತನ್ನು ಅಗಲ ಮಾಡಿ, ಒಳಗೆ ಹೊಸ ಗೆರೆಗಳಿರುವ ಬುಶ್ ಕೂರಿಸಿಕೊಟ್ಟರು. ಭಾನುವಾರ ಬೆಳಿಗ್ಗೆ ಹೊಸ ಪ್ಲಗ್ ಹಾಕಿದೆ. ಕೈಯಿಂದಲೇ ಸಲೀಸಾಗಿ ಕೂತಿತು. ನಾಲ್ಕನೇ ಸಲಕ್ಕೆ ಇಂಜಿನ್ ಹಿಡಿಯಿತು.

ರಾಧಿಕಾ ಬಂದಾಗ ಅವಳ ಕಣ್ಣುಗಳು ಊದಿದ್ದವು. ಅಗಳಿಯಿಂದ ಆಟೋದಲ್ಲಿ ಬಂದಿದ್ದಳು. ಸೀರೆಯ ಮೇಲೆ ಪಾಲಯ್ಯನ ಖಾಕಿ ಅಂಗಿ ತೊಟ್ಟಿದ್ದಳು. ಗಾಡಿ ಹತ್ತಿ ಕೂತಳು. ಸೀಟು ಅವಳಿಗೆ ಹಿಂದಾಯಿತು, ಕಾಲು ಪೆಡಲಿಗೆ ಎಟುಕಲಿಲ್ಲ. ಭಾನುವಾರಗಳಲ್ಲಿ ಅವಳಿಗೆಂದು ಮುಂದೆ ಸರಿಸುತ್ತಿದ್ದ ಸೀಟನ್ನು ಅವನು ಕೊನೆಯ ಸಲ ತನ್ನ ಅಳತೆಗೆ ಹಿಂದೆ ಸರಿಸಿಟ್ಟಿದ್ದ. ನಾನು ಬಗ್ಗಿ ಸರಿಸಲು ಹೋದೆ. ಬೇಡ ಎಂದಳು. ಅಂಚಿಗೆ ಜಾರಿ ಕೂತು, ಹಾಗೇ ಓಡಿಸಿದಳು.

ಲಾನಿನ ಆ ತುದಿಯವರೆಗೆ ಹೋಗಿ, ತಿರುಗಿ, ಈ ತುದಿಗೆ ಬಂದಳು. ಮೂರು ಸಾಲು ಕತ್ತರಿಸಿದ ಮೇಲೆ ನನ್ನೆದುರು ನಿಲ್ಲಿಸಿ ಇಂಜಿನ್ ಆರಿಸಿದಳು. ಹಳೆಯ ಪ್ಲಗ್ ಎಲ್ಲಿ ಎಂದು ಕೇಳಿದಳು. ಜೇಬಿನಿಂದ ತೆಗೆದುಕೊಟ್ಟೆ. ಅವಳು ಅದನ್ನು ಅಂಗೈಯಲ್ಲಿಟ್ಟು ದಾರದ ತುದಿಯನ್ನು ಬೆರಳಿನಿಂದ ನೇರ ಮಾಡಿದಳು. ಬೆಳಗಿಂದ ಸಂಜೆವರೆಗೆ ಅಂಥ ತುದಿಗಳನ್ನು ಕತ್ತರಿಸುವುದೇ ಅವಳ ಕೆಲಸ. ಅದನ್ನು ಕತ್ತರಿಸಲಿಲ್ಲ. ಖಾಕಿ ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿದಳು.

“ಇದನ್ನ ಅವ್ರಿಗೆ ಹೇಳ್ಬೇಕಿತ್ತು ಬಾವ,” ಅಂದಳು.

ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಇದ್ದಿದ್ದರೆ ನನಗೆ ನಿಲ್ಲಲು ಒಂದು ಜಾಗ ಸಿಗುತ್ತಿತ್ತು. ಆಮೇಲೆ, ಗಾಡಿಯ ಕೀಲಿ ತಿರುಗಿಸುವ ಮೊದಲು, ಆ ಓಬಮ್ಮನಿಗಾದರೂ ಹೇಳಿ ಎಂದಳು.

ಪಾವಗಡದ ಬಸ್ಸಿಗೆ ಕಾಯುವಾಗಲೂ ಕಂಪೌಂಡಿನಾಚೆಯಿಂದ ಇಂಜಿನ್ನಿನ ಸದ್ದು ಕೇಳುತ್ತಿತ್ತು. ಹೋಗುತ್ತಿತ್ತು, ತಿರುಗುತ್ತಿತ್ತು, ಬರುತ್ತಿತ್ತು.

ರಾಯದುರ್ಗದಲ್ಲಿ ಓಬಮ್ಮನ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ಆರು ವರ್ಷದಿಂದ ನಾನು ಬಸ್ಟ್ಯಾಂಡಿಗೆ ಹೋಗಿ ಬರುವುದು ಸುತ್ತು ದಾರಿಯಲ್ಲಿ. ಆ ಸಂಜೆ ಬಸ್ಸಿಳಿದು ನೇರ ನಡೆದೆ. ಓಬಮ್ಮ ಹೊಸ್ತಿಲ ಮೇಲೆ ಕೂತು ಪ್ಯಾಂಟುಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಎಡಗೈಯಲ್ಲಿ ಸೂಜಿ ಹಿಡಿಯುವುದನ್ನು ಕಲಿತಿದ್ದಳು. ನನ್ನ ನೆರಳು ಬಟ್ಟೆಯ ಮೇಲೆ ಬಿದ್ದಾಗ ತಲೆ ಎತ್ತಿ, ಗುರುತು ಹಿಡಿದು, ಕೂಡಲು ಜಾಗ ಸರಿಸಿದಳು.

“ಬರ್ರಿ ಬೋರಯ್ಯನೋರೆ,” ಅಂದಳು. “ಪಾಲಯ್ಯ ಹೋದ್ನಂತಲ್ರಿ. ನನ್ನ ಬೆರಳಿಂದ ಅವಂದು ಕೆಲಸ ಹೋತು. ಅದು ಅವನ ಮನಸಿನಾಗ ಇತ್ತೇನೋ ಅಂತ ನನಗ ಒಂದ ಚಿಂತಿ.”

ನಾನು ಅವಳ ಪಕ್ಕ ಹೊಸ್ತಿಲ ಮೇಲೆ ಕೂತೆ.