ದಂಡನಾಯಕಿಯ ಭಾನುವಾರಗಳು

ಆಕೆ ಒಬ್ಬರೇ ಕುಳಿತು ನಗುತ್ತಿದ್ದರು. ತುಟಿಯಂಚಿನಲ್ಲಿ ಮಿಂಚಿ ಮರೆಯಾಗುವ ಮಂದಹಾಸವಲ್ಲ ಅದು. ಕಾಲೇಜು ಗ್ರಂಥಾಲಯದ ಮೂಲೆಯ ಮೇಜಿನಿಂದ ಯಾವ ಮುನ್ಸೂಚನೆಯೂ ಇಲ್ಲದೆ ಸಿಡಿದೇಳುವ ತುಂಬುಗಂಟಲಿನ ನಗೆ. ನಾಲ್ಕು ಶತಮಾನಗಳ ಹಿಂದಿನ ಸ್ಪ್ಯಾನಿಷ್ ಹಾಸ್ಯಗಾರನೊಬ್ಬ ಬಯಲುರಂಗದಲ್ಲಿ ನಿಂತು ಆಡಿದ ಮಾತು ಆಗಷ್ಟೇ ಅವರನ್ನು ತಲುಪಿರುತ್ತಿತ್ತು. ಏನೆಂದು ಕೇಳಿದವರಿಗೆ ಶ್ಲೇಷೆಯನ್ನು ಬಿಡಿಸಿ, ಆ ಕಾಲದ ಉಡುಪು, ಮರ್ಯಾದೆಗಳನ್ನೆಲ್ಲ ವಿವರಿಸಿ ಮುಗಿಸುವ ಹೊತ್ತಿಗೆ ನಗೆಯ ಜೀವವೇ ಹೋಗಿರುತ್ತಿತ್ತು. "ಇರ್ಲಿ ಬಿಡಿ, ಅಲ್ಲಿ ಚೆನ್ನಾಗಿದೆ" ಎಂದು ಪುಸ್ತಕದೊಳಕ್ಕೆ ಮರಳುತ್ತಿದ್ದರು.

ತಂದೆಯವರದಾಗಿದ್ದ ಬೂದುಬಣ್ಣದ ಉದ್ದನೆಯ ಕೋಟು, ಪುಸ್ತಕಗಳ ಭಾರಕ್ಕೆ ಜೋತುಬಿದ್ದ ಅದರ ಜೇಬುಗಳು, ಯಾರಿಗೂ ದಾರಿ ಬಿಡದಂತೆ ನೆಟ್ಟನೆ ಸಾಗುವ ನಡಿಗೆ: ಇವನ್ನು ಕಂಡೇ ವಿದ್ಯಾರ್ಥಿಗಳು ಅವರನ್ನು ದಂಡನಾಯಕಿ ಎಂದು ಕರೆದದ್ದು. ಅವರ ಸ್ಪ್ಯಾನಿಷ್ ತರಗತಿಯ ದಂಡು ಮಾತ್ರ ವರ್ಷದಿಂದ ವರ್ಷಕ್ಕೆ ಕರಗುತ್ತಿತ್ತು. ಪಕ್ಕದ ಕೊಠಡಿಯಲ್ಲಿ ಇತಿಹಾಸ ಹೇಳುತ್ತಿದ್ದ ನನಗೆ ಗೋಡೆಯಾಚೆಯಿಂದ ರಾಜನ ಗರ್ಜನೆ, ಸೇವಕನ ಗೊಣಗು, ಪ್ರೇಯಸಿಯ ನಿಟ್ಟುಸಿರು ಎಲ್ಲವೂ ಆ ಒಂದೇ ಕಂಠದಲ್ಲಿ ಕೇಳುತ್ತಿದ್ದವು. ಒಂದು ವರ್ಷ ಸೇರಿದ್ದ ಒಬ್ಬಳೇ ಹುಡುಗಿಯೂ ಅರ್ಧದಲ್ಲಿ ವಾಣಿಜ್ಯ ವಿಭಾಗಕ್ಕೆ ಹೊರಟುಹೋದಳು. ಬುದ್ಧಿವಂತೆ, ಊಟಕ್ಕೆ ದಾರಿ ಮಾಡಿಕೊಂಡಳು ಎಂದು ಆಕೆ ಮನಸಾರೆ ಮೆಚ್ಚಿಕೊಂಡರು.

ಮನೆಯಲ್ಲಿದ್ದವರು ಗಂಡನನ್ನು ಕಳೆದುಕೊಂಡು ಬಂದಿದ್ದ ತಂಗಿಯೊಬ್ಬರೇ. ಮುಂಗೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದ ಆಕೆ ಒಮ್ಮೆ ನನಗೆ ಹೇಳಿದ್ದುಂಟು: "ಈ ಮನೇಲಿ ನಾನು, ಅಕ್ಕ, ಆ ಹಾಳು ನಾಟಕ, ಮೂರು ಜನ. ಜಾಗ ಹೆಚ್ಚು ಬೇಕಾಗಿರೋದು ಅದಕ್ಕೇ." ಕರ್ತೃ ಯಾರೆಂದೇ ತಿಳಿಯದ ಒಂದು ಸ್ಪ್ಯಾನಿಷ್ ಹಾಸ್ಯನಾಟಕ ಅದು. ಒಂದಕ್ಕೊಂದು ತಾಳೆಯಾಗದ ಹಳೆಯ ಪ್ರತಿಗಳನ್ನು ಹೋಲಿಸಿ ಅದರ ಶುದ್ಧಪಾಠವನ್ನು ನಿರ್ಣಯಿಸುವುದರಲ್ಲಿ ಅಕ್ಕನ ಅರ್ಧ ಆಯುಷ್ಯ ಸಂದಿತ್ತು.

ಇನ್ನೇನು ಅಚ್ಚಿಗೆ ಹೋಗಬೇಕು ಎನ್ನುವಾಗ, ದೂರದೇಶದ ಪ್ರಾಧ್ಯಾಪಕನೊಬ್ಬ ಅದೇ ನಾಟಕವನ್ನು ಸಂಪಾದಿಸಿ ಪ್ರಕಟಿಸಿಬಿಟ್ಟ. ಆ ಪುಸ್ತಕ ಕೈಸೇರಿದ ದಿನ ಆಕೆ ಪಾಠಕ್ಕೆ ಹೋಗಲಿಲ್ಲ. ಕೋಟನ್ನೂ ಕಳಚದೆ ಸಂಜೆಯವರೆಗೆ ವಿಭಾಗದ ಕೊಠಡಿಯಲ್ಲಿ ಕುಳಿತು ಓದಿದರು. ಸಮಾಧಾನದ ನಾಲ್ಕು ಮಾತು ಹೊಂದಿಸಿಕೊಂಡು ನಾನು ಒಳಗೆ ಹೋದೆ.

"ನನ್ನದಕ್ಕಿಂತ ಚೆನ್ನಾಗಿ ಮಾಡಿದಾನೆ. ಕಷ್ಟ ಅದೇ" ಎಂದರು.

ಎರಡನೆಯ ಅಂಕದ ಒಂದು ಸಾಲನ್ನು ಮಾತ್ರ ಆತ ಅರ್ಥವಾಗದೆಂದು ಕೈಬಿಟ್ಟಿದ್ದ. ಆಕೆ ಅದನ್ನು ಎಂದೋ ಬಿಡಿಸಿದ್ದರು. ಅದನ್ನಾದರೂ ನಿಮ್ಮ ಹೆಸರಿನಲ್ಲಿ ಪ್ರಕಟಿಸಿ ಎಂದು ನಾನು ಒತ್ತಾಯಿಸಿದೆ. ಆಕೆ, "ಈ ಸಾಲು ಇವನ ಪುಸ್ತಕದಲ್ಲೇ ಇರ್ಬೇಕು. ಬೇರೆ ಕಡೆ ಇದ್ರೆ ಯಾರು ಹುಡುಕ್ತಾರೆ?" ಎಂದರು. ಮರುದಿನವೇ ಆ ಸಾಲಿನ ತಮ್ಮ ವಿವರಣೆಯನ್ನು ಪೂರ್ತಿಯಾಗಿ ಅವನಿಗೆ ಕಳಿಸಿಕೊಟ್ಟರು.

ಅಲ್ಲಿಂದ ಪ್ರತಿ ಭಾನುವಾರ ಬೆಳಿಗ್ಗೆ ಆ ಮನೆಗೆ ಆತನ ದೂರವಾಣಿ ಕರೆ ಬರತೊಡಗಿತು. ಆಕೆ ನಿಂತೇ ಮಾತನಾಡುತ್ತಿದ್ದರಂತೆ. ಶಬ್ದವೊಂದಕ್ಕೆ ಜಗಳ ಹತ್ತಿದರೆ ಹೊಲಿಗೆ ಯಂತ್ರದ ಸದ್ದೂ ಅಡಗಿಹೋಗುತ್ತಿತ್ತಂತೆ. ಅವರಿಬ್ಬರೂ ಒಮ್ಮೆಯೂ ಭೇಟಿಯಾಗಲಿಲ್ಲ. ಆತ ತನ್ನ ದೇಶಕ್ಕೆ ಕರೆದಾಗ ಹೋಗಿಬರಲು ಆಕೆಯ ದುರ್ಬಲ ಹೃದಯ ಒಪ್ಪಲಿಲ್ಲ. ಕೊನೆಗೆ ಆ ಹೃದಯ ನಿಂತೇಹೋಯಿತು. ಅಂತ್ಯಕ್ರಿಯೆಗೆ ಬಂದ ನಾವು ಕೆಲವರು ಆಕೆಯ ಬಗ್ಗೆ ಏನು ಹೇಳಬೇಕೆಂದು ತೋಚದೆ, ಕೋಟಿನ ಬಗ್ಗೆ ಮಾತನಾಡಿಕೊಂಡೆವು.

ಭಾನುವಾರ ಎಂದಿನಂತೆ ಫೋನು ಬಂತು. ಆ ಭಾಷೆಯ ಗಂಧವೂ ಇಲ್ಲದ ತಂಗಿ ಎತ್ತಿಕೊಂಡು, ಅಕ್ಕ ಇಲ್ಲ, ಅಕ್ಕ ಹೋದಳು ಎಂದಷ್ಟೇ ಹೇಳಿದರು. ಧ್ವನಿಯಿಂದಲೇ ತಿಳಿಯಿತೇನೋ, ಅತ್ತ ಕಡೆಯಿಂದ ಆತ ಮಾತನಾಡತೊಡಗಿದ.

"ಒಂದಕ್ಷರ ಅರ್ಥ ಆಗ್ಲಿಲ್ಲ" ಎಂದು ತಂಗಿ ನನಗೆ ಹೇಳಿದರು. "ನಡುನಡುವೆ ಅಕ್ಕನ ಹೆಸರು ಮಾತ್ರ ಕೇಳ್ತಿತ್ತು. ಅವಳ ಹೆಸರನ್ನ ಯಾರೂ ಅಷ್ಟು ಸಲ ಹೇಳಿದ್ದೇ ಇಲ್ಲ. ಅವರಾಗಿ ಇಡೋವರೆಗೂ ಕಿವಿಗೆ ಹಿಡ್ಕೊಂಡೇ ಇದ್ದೆ."

ಇಂಥವರು ಎಲ್ಲ ವಿದ್ಯಾಲಯಗಳಲ್ಲೂ ಒಬ್ಬಿಬ್ಬರಾದರೂ ಇರುತ್ತಾರೆ. ಅವರ ವಿದ್ವತ್ತು ಆಳಕ್ಕಿಳಿದಷ್ಟೂ ಅದನ್ನು ಅಳೆಯಬಲ್ಲವರು ವಿರಳವಾಗುತ್ತಾ ಹೋಗಿ, ಕೊನೆಗೆ ಲೋಕದಲ್ಲಿ ಎಲ್ಲೋ ಒಬ್ಬ ಉಳಿಯುತ್ತಾನೆ. ಅನೇಕ ವೇಳೆ ಅವರಿಗಿಂತ ಮೊದಲು ಗುರಿ ಮುಟ್ಟಿದವನೇ ಅವನು. ಅವನನ್ನು ದ್ವೇಷಿಸುವುದು ಸುಲಭ, ಅದರಲ್ಲೊಂದು ಸುಖವೂ ಇದೆ. ಆ ಸುಖವನ್ನು ಬಿಟ್ಟುಕೊಡಬಲ್ಲವರಿಗಷ್ಟೇ ಮಾತಿಗೊಬ್ಬ ಜೊತೆ ಸಿಗುತ್ತಾನೆ.