ಅಳಿವೆಯ ಗುಲಾಬಿ ಎಳೆ

ನದಿ ಕಡಲಿಗೆ ಸೇರುವ ಅಳಿವೆಯ ನೀರಿನಲ್ಲಿ ಬರಿಗಣ್ಣಿಗೆ ಕಾಣದ ಪ್ಲಾಸ್ಟಿಕ್ ಎಷ್ಟಿದೆ ಎಂದು ಎಣಿಸುವುದು ಗಿಣಿಯ ಕೆಲಸ. ಗಿಣಿ ಎಂಬುದು ಹೆತ್ತವರು ಇಟ್ಟ ಹೆಸರಲ್ಲ; ಯಾರ ದನಿಯನ್ನಾದರೂ ಕದ್ದು ಉಲಿಯುತ್ತಾಳೆಂದು ಪ್ರಯೋಗಾಲಯದವರು ಕೊಟ್ಟ ಬಿರುದು. ಅವಳ ಸಾಹೇಬರಿಗೂ ಒಂದು ಬಿರುದಿತ್ತು: ಅಂದರೇನಪ್ಪ. "ನೀರು ಕೆಟ್ಟಿದೆ. ಅಂದರೇನು? ಚೆನ್ನಾಗಿಲ್ಲ!" ಎಂದು ತಮ್ಮ ಮಾತಿಗೆ ತಾವೇ ಭಾಷ್ಯ ಬರೆದುಕೊಳ್ಳುವ ಮಹಾನುಭಾವರು.

ಅತ್ತೆ ಪ್ಲಾಸ್ಟಿಕ್ ಉಣ್ಣೆಯಲ್ಲಿ ಹೆಣೆದುಕೊಟ್ಟ ಗುಲಾಬಿ ಮಫ್ಲರನ್ನು ಅವರು ನಿಯಮದಂತೆ ಪ್ರಯೋಗಾಲಯದ ಹೊರಗಿನ ಗೂಟಕ್ಕೇ ನೇತುಹಾಕುತ್ತಿದ್ದರು. ಊಟಕ್ಕೆಂದು ಮಹಡಿ ಹತ್ತಿದ್ದೇ ತಡ, ಅದು ಒಳಗೆ ಬಂದು ಗಿಣಿಯ ಕೊರಳೇರುತ್ತಿತ್ತು. ಅವಳು ಅಂದರೇನಪ್ಪನಾಗಿ ಮಫ್ಲರ್ ಬೀಸುತ್ತಾ ಅತ್ತಿಂದಿತ್ತ ನಡೆದರೆ, ಅಳಿವೆಯಿಂದ ಮಾದರಿ ನೀರು ತರುವ, ಬಾಗಿಲಲ್ಲಿ ನಿಂತ ದೋಣಿಯಣ್ಣನಿಗೆ ನಗೆ ತಡೆಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಸೂಕ್ಷ್ಮದರ್ಶಕದಿಂದ ತಲೆಯೆತ್ತಿದ ಸಾಹೇಬರು ಕುಣಿಯುವುದೊಂದು ಬಾಕಿ.

"ಎಲ್ಲಾ ಮಾದರೀಲೂ ಗುಲಾಬಿ ಎಳೆ! ಅಂದರೇನು? ಮೇಲ್ದಂಡೆಯ ಕಂಬಳಿ ಗಿರಣಿ ನದಿಗೆ ಪ್ಲಾಸ್ಟಿಕ್ ನೂಲು ಬಿಡ್ತಿದೆ. ಸಂಜೆ ವರದಿ ಹೋಗುತ್ತೆ, ಗಿರಣಿಗೆ ಬೀಗ ಬೀಳುತ್ತೆ!"

ಗಿಣಿಯ ಅಕ್ಕ ದುಡಿಯುವುದು ಅದೇ ಗಿರಣಿಯಲ್ಲಿ. ಓಡಿ ಹೋಗಿ ಫೋನ್ ಮಾಡಿದಳು.

"ನಮ್ಮಲ್ಲಿ ಗುಲಾಬಿ ಎಲ್ಲಿಂದ ಬರ್ಬೇಕೇ? ಎಲ್ಲಾ ನಿಮ್ಮ ಭಾವನ ಮೋರೆ ಥರ ಬರೀ ಬೂದಿ ಬಣ್ಣ," ಎಂದಳು ಅಕ್ಕ. "ನಿಮ್ಮಲ್ಲೇ ಏನೋ ಎಡವಟ್ಟಾಗಿದೆ, ನೋಡ್ಕೋ. ನನ್ನ ಅನ್ನಕ್ಕೆ ಕಲ್ಲು ಹಾಕ್ಬೇಡ ಮಾರಾಯ್ತಿ!"

ಗಾಳಿಯ ಧೂಳು ಮಾದರಿಗೆ ಬೀಳುತ್ತಿದೆಯೇ ಎಂದು ತಿಳಿಯಲು ಮೇಜಿನ ಮೇಲೆ ಶುದ್ಧ ನೀರಿನ ಗಾಜಿನ ತಟ್ಟೆಯೊಂದು ಸದಾ ತೆರೆದಿರಬೇಕು. ಗಿಣಿ ಊಟದ ಹೊತ್ತಿಗೆ ಅದನ್ನು ಮಾತ್ರ ಭಕ್ತಿಯಿಂದ ಮುಚ್ಚಿಡುತ್ತಿದ್ದಳು. ಸಾಹೇಬರ ಕೆಮ್ಮನ್ನು ಅಭಿನಯಿಸುವಾಗ ಉಗುಳು ಹಾರಬಾರದಲ್ಲ! ಸೋಸಿದ ಮಾದರಿಗಳು ಮಾತ್ರ ಒಣಗಲೆಂದು ಪಕ್ಕದಲ್ಲೇ ಬಾಯಿ ತೆರೆದುಕೊಂಡು ಮಲಗಿರುತ್ತಿದ್ದವು.

ಅಂದು ಮಧ್ಯಾಹ್ನ ಮಂಕಾಗಿ ಕೂತವಳನ್ನು ದೋಣಿಯಣ್ಣ ಬಿಡಲಿಲ್ಲ. "ಒಂದೇ ಒಂದ್ಸಲ ಕೆಮ್ಮು ತಾಯಿ, ಊಟ ಇಳೀತಿಲ್ಲ." ಒಲ್ಲದ ಮನಸ್ಸಿನಿಂದ ಮಫ್ಲರ್ ಸುತ್ತಿ ಕೆಮ್ಮಿದಳು. ತಟ್ಟೆ ಮುಚ್ಚಲು ಮರೆತಿದ್ದಳು. ಬಗ್ಗಿ ನೋಡಿದರೆ, ಶುದ್ಧ ನೀರಿನ ಮೇಲೆ ಗುಲಾಬಿ ಎಳೆಯೊಂದು ಅಂಗಾತ ತೇಲುತ್ತಿತ್ತು.

ಸಾಹೇಬರು ಬರುತ್ತಲೇ ತಟ್ಟೆ ತೋರಿಸಿದಳು. "ಸಾರ್, ಇದು ಗಿರಣೀದಲ್ಲ. ನಿಮ್ಮ ಮಫ್ಲರಿಂದು."

"ಸಾಧ್ಯವೇ ಇಲ್ಲ! ಅದು ಗೂಟ ದಾಟಿ ಒಳಗೆ ಬಂದದ್ದೇ ಇಲ್ಲ."

ಬಾಯಿ ಬಿಟ್ಟರೆ ಕೆಲಸಕ್ಕೆ ಸಂಚಕಾರ, ಬಿಡದಿದ್ದರೆ ಅಕ್ಕನ ಅನ್ನಕ್ಕೆ. ಗಿಣಿ ಬಾಯಿ ಬಿಟ್ಟಳು. "ದಿನಾ ಬರುತ್ತೆ ಸಾರ್. ನನ್ನ ಕೊರಳಲ್ಲಿ. ನಿಮ್ಮ... ಅಭಿನಯಕ್ಕೆ."

ದೋಣಿಯಣ್ಣ ಚಾವಣಿಯ ಫ್ಯಾನಿನ ರೆಕ್ಕೆ ಎಣಿಸತೊಡಗಿದ.

"ಮಾಡಿ ತೋರಿಸು," ಎಂದರು ಸಾಹೇಬರು.

ಅವಳು ನಡೆದಳು, ನಿಂತಳು, ಕೆಮ್ಮಿದಳು. ಸಾಹೇಬರು ಗಂಭೀರವಾಗಿ ನೋಡಿದರು. "ತಪ್ಪು. ನಾನು ಮೊದಲು ಕನ್ನಡಕ ತೆಗೀತೀನಿ, ಆಮೇಲೆ ಕೆಮ್ಮೋದು." ಎಂದವರೇ ವರದಿಯನ್ನು ಹರಿದು ಬುಟ್ಟಿಗೆಸೆದು, ಮಫ್ಲರನ್ನು ಗಾಜಿನ ಭರಣಿಗೆ ತುರುಕಿ, ಮುಚ್ಚಳ ಬಿಗಿದರು. "ಮದುವೆಯಾದಾಗಿನಿಂದ ಕತ್ತು ತುರಿಸ್ತಿತ್ತು ಕಣಮ್ಮ. ಅತ್ತೆ ಕೇಳಿದ್ರೆ ಸಾಕ್ಷ್ಯ ಅಂತೀನಿ. ನೀನು ಮಾದರಿಗಳನ್ನೆಲ್ಲ ಚೆಲ್ಲು. ಅಂದರೇನು?"

"ಮತ್ತೆ ಮೊದಲಿಂದ ಎಣಿಸು!" ಎಂದಳು ಗಿಣಿ, ಅಭ್ಯಾಸಬಲದಿಂದ ಅವರದೇ ದನಿಯಲ್ಲಿ.

ಸಾಹೇಬರು ಕನ್ನಡಕ ತೆಗೆದರು. ಆಮೇಲೆ ಕೆಮ್ಮಿದರು.