ಯಾರ ಕೈಗೆ ಕೊಡಬೇಕು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಮನೆಯ ಮುಂಭಾಗದ ಎರಡು ಕೋಣೆಗಳಲ್ಲಿ ಅವಳು ಕೆಲಸಕ್ಕೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಮಕ್ಕಳು ಕರೆದದ್ದನ್ನು ಅಪ್ಪ ಅಮ್ಮಂದಿರು ಕಲಿತರು, ಅವರಿಂದ ಎದುರುಮನೆಯ ದರ್ಜಿ ಕಲಿತ. ಅವಳಿಗಿಂತ ಹತ್ತು ವರ್ಷ ಹಿರಿಯನಾದ ಆ ದರ್ಜಿ ಕತ್ತರಿ ಹಿಡಿದುಕೊಂಡೇ "ದೊಡ್ಡಮ್ಮಾ" ಎಂದು ಕೂಗಿದಾಗ ಮಾತ್ರ ಅವಳ ಹುಬ್ಬು ಗಂಟಿಕ್ಕುತ್ತಿತ್ತು.

ಪರವಾನಗಿ ನವೀಕರಿಸಲು ಬಂದ ಇನ್ಸ್‌ಪೆಕ್ಟರಮ್ಮ ಆ ಮನೆಯನ್ನು ಇಂಚಿಂಚು ಜಾಲಾಡಿದಳು. ಗೇಟಿನ ಚಿಲಕ ಮಕ್ಕಳ ಕೈಗೆಟುಕದಷ್ಟು ಮೇಲಿತ್ತು. ಔಷಧಿಗಳೆಲ್ಲ ಬೀಗ ಹಾಕಿದ ಕಪಾಟಿನಲ್ಲಿದ್ದವು. ತಪ್ಪು ಸಿಗದೆ ಅವಳ ಮುಖ ಸ್ವಲ್ಪ ಸಣ್ಣಗಾಯಿತು. ಕೊನೆಗೆ ಕೇಳಿದಳು:

"ನಿಮ್ಮ ನಿಯಮಗಳ ಪುಸ್ತಕ ಎಲ್ಲಿ?"

"ನನ್ನ ತಲೇಲಿದೆ."

"ನಿಮ್ಮ ತಲೇಲಿದ್ರೆ ಸಾಲದು. ತಂದೆ ತಾಯಿಗಳ ಕೈಯಲ್ಲಿರಬೇಕು."

ಹಾಗೆ ಶುರುವಾಯಿತು ಆ ಕೈಪಿಡಿಯ ಕೆಲಸ. ದೊಡ್ಡಮ್ಮನಿಗೆ ಮಗು ಯಾಕೆ ಅಳುತ್ತಿದೆ ಎಂಬುದು ಪಕ್ಕದ ಕೋಣೆಯಿಂದಲೇ ಗೊತ್ತಾಗುತ್ತಿತ್ತು, ಆದರೆ ಕಂಪ್ಯೂಟರ್ ಎಂದರೆ ಅಷ್ಟಕ್ಕಷ್ಟೆ. ಸಹಾಯಕ್ಕೆ ಬಂದವಳು ಪಿಟೀಲಿನ ಅಮ್ಮ.

ಪಿಟೀಲು ಎಂದರೆ ಎರಡೂವರೆ ವರ್ಷದ ಹುಡುಗಿ. ಬಂದ ಮೊದಲ ವಾರವೆಲ್ಲ ಒಂದೇ ರಾಗದಲ್ಲಿ ಕುಂಯ್ ಎನ್ನುತ್ತಿದ್ದುದರಿಂದ ದೊಡ್ಡಮ್ಮನೇ ಇಟ್ಟ ಹೆಸರು. ಅಳು ನಿಂತು ಎಷ್ಟೋ ಕಾಲವಾದರೂ ಹೆಸರು ಹೋಗಲಿಲ್ಲ, ಈಗ ಆ ಮಗುವೇ ಯಾರಾದರೂ ಕೇಳಿದರೆ "ನಾನು ಪಿತೀಲು" ಎನ್ನುತ್ತಿತ್ತು. ಅದರ ಅಮ್ಮ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಚುರುಕು, ಮೃದು ಮಾತು, ಬಾಯಿ ತೆರೆದರೆ ಅಕ್ಕಾ. ಒಡಹುಟ್ಟಿದವರಿಲ್ಲದ ದೊಡ್ಡಮ್ಮನಿಗೆ ಆ ಒಂದು ಮಾತು ಸಾಕಿತ್ತು. ಊರಿಗೆಲ್ಲ ದೊಡ್ಡಮ್ಮನಾಗಿದ್ದವಳು ಇವಳೊಬ್ಬಳಿಗೆ ಅಕ್ಕನಾದಳು.

ಸಂಜೆ ಉಳಿದ ಮಕ್ಕಳು ಹೋದ ಮೇಲೆ ಇಬ್ಬರೂ ಅಡುಗೆಮನೆಯ ಮೇಜಿನ ಮುಂದೆ ಕೂರುತ್ತಿದ್ದರು. ದೊಡ್ಡಮ್ಮ ಬೈಯುವ ಧಾಟಿಯಲ್ಲೇ ಹೇಳುತ್ತಾ ಹೋಗುತ್ತಿದ್ದಳು, ಇವಳು ಅದನ್ನು ಸೌಮ್ಯ ಮಾಡಿ ಬರೆಯುತ್ತಿದ್ದಳು.

"ಜ್ವರದ ಔಷಧಿ ಕುಡಿಸಿ, ಹಣೆ ತಣ್ಣಗಾಗ್ತಿದ್ದ ಹಾಗೆ ಇಲ್ಲಿ ಬಿಸಾಕಿ ಓಡೋರಿಗೆ ನಾಚಿಕೆ ಆಗಬೇಕು. ಬರಿ."

"ಅಕ್ಕಾ, 'ಜ್ವರವಿರುವ ಮಗುವನ್ನು ದಯವಿಟ್ಟು ಕರೆತರಬಾರದು' ಅಂತ ಹಾಕೋಣ."

"ಅಷ್ಟು ನಯವಾಗಿ ಹೇಳಿದ್ರೆ ಯಾರಿಗೆ ನಾಟುತ್ತೆ?"

ಇಬ್ಬರೂ ನಗುತ್ತಿದ್ದರು. ಮಗುವನ್ನು ಕರೆದೊಯ್ಯುವವರ ನಿಯಮ ಬಂದಾಗ ಮಾತ್ರ ಪಿಟೀಲಿನ ಅಮ್ಮ ನಗಲಿಲ್ಲ. ದಾಖಲು ಮಾಡುವಾಗ ಯಾರ ಹೆಸರು ಕೊಟ್ಟಿರುತ್ತಾರೋ ಅವರ ಕೈಗೆ ಮಾತ್ರ ಮಗುವನ್ನು ಕೊಡಲಾಗುವುದು, ಎಂದು ದೊಡ್ಡಮ್ಮ ಮುಗಿಸಿದ್ದಳು. ಇವಳು ತಾನಾಗಿಯೇ ಇನ್ನೊಂದು ಸಾಲು ಸೇರಿಸಿದಳು: ಈ ಹೆಸರುಗಳಲ್ಲಿ ಬದಲಾವಣೆ ಇದ್ದರೆ ಬರಹದಲ್ಲೇ ಕೊಡಬೇಕು, ಬಾಯಿಮಾತು ನಡೆಯುವುದಿಲ್ಲ.

"ಇದೆಲ್ಲ ಯಾಕೆ? ನಂಗೆ ಎಲ್ಲರ ಮುಖ ಗೊತ್ತು, ದನಿ ಗೊತ್ತು."

"ನಾಳೆ ಯಾರಾದ್ರೂ ನಾನು ಹೇಳೇ ಇಲ್ಲ ಅಂದುಬಿಟ್ರೆ ನೀವು ಸಿಕ್ಕಿಬೀಳ್ತೀರಿ. ಇರಲಿ ಅಕ್ಕಾ."

ತನ್ನ ಬಗ್ಗೆ ಇಷ್ಟು ಯೋಚಿಸುವವರು ಒಬ್ಬರಾದರೂ ಇದ್ದಾರಲ್ಲ ಎಂದು ದೊಡ್ಡಮ್ಮನ ಹೊಟ್ಟೆ ತಣ್ಣಗಾಯಿತು.

ಕೈಪಿಡಿ ಅಚ್ಚಾಗಿ ಬಂತು. ಅಪ್ಪ ಅಮ್ಮಂದಿರನ್ನು ಕರೆದು, ಮಕ್ಕಳ ಪುಟ್ಟ ಕುರ್ಚಿಗಳಲ್ಲೇ ಕೂರಿಸಿ, ಪುಟ ಪುಟವಾಗಿ ಓದಿ ಹೇಳಿ ಹಂಚಿದ್ದಾಯಿತು. ಮೊಣಕಾಲು ಗದ್ದಕ್ಕೆ ತಗಲುವಂತೆ ಕೂತ ದೊಡ್ಡವರೆಲ್ಲ ಗಂಭೀರವಾಗಿ ತಲೆಯಾಡಿಸಿದರು. ಅವಳಿ ಮಕ್ಕಳ ಅಪ್ಪ ಅದನ್ನು ಸುರುಳಿ ಸುತ್ತಿ ಬೆನ್ನು ಕೆರೆದುಕೊಂಡ. ದಿನಾ ತಡವಾಗಿ ಬರುವವನು ಅವನೇ.

ಅದಾದ ಕೆಲವು ದಿನಗಳಿಗೆ, ಮಕ್ಕಳೆಲ್ಲ ಮಧ್ಯಾಹ್ನ ಮಲಗಿದ್ದ ಹೊತ್ತಿನಲ್ಲಿ ಪಿಟೀಲಿನ ಅಮ್ಮ ಅಂಗಡಿಯಿಂದ ಓಡಿಬಂದಳು. ಕಣ್ಣು ಊದಿಕೊಂಡಿತ್ತು. ಅತ್ತೆ ಬಂದು ವಾರವಾಗಿತ್ತಂತೆ. ಮಗುವನ್ನು ಕಂಡವರ ಮನೆಯಲ್ಲಿ ಬಿಡುವುದಾದರೆ ತಾನೇ ತನ್ನ ಊರಿಗೆ ಕರೆದುಕೊಂಡು ಹೋಗಿ ಸಾಕುತ್ತೇನೆ ಎಂದು ಹಟ ಹಿಡಿದಿದ್ದರಂತೆ. ಗಂಡ ಅಮ್ಮನ ಮಾತಿಗೆ ಹೂಂ ಎಂದಿದ್ದನಂತೆ.

"ಇಲ್ಲಿಂದಲೇ ಎತ್ಕೊಂಡು ಸೀದಾ ರೈಲು ಹತ್ತಿಬಿಡ್ತಾರೆ ಅಕ್ಕಾ. ನಂಗೆ ಗೊತ್ತು. ಅತ್ತೆ ಬಂದು ಕೇಳಿದ್ರೆ ಕೊಡಬೇಡಿ. ನಾನು ಬರೋವರೆಗೂ ಯಾರಿಗೂ ಕೊಡಬೇಡಿ."

ಅಜ್ಜಿಯ ಹೆಸರು ದಾಖಲಾತಿಯಲ್ಲಿತ್ತು. ದೊಡ್ಡಮ್ಮ ಒಂದು ಹಾಳೆ ತಂದಿಟ್ಟಳು.

"ಒಂದು ಸಾಲು ಬರೆದುಬಿಡು."

ಅವಳು ಹಾಳೆಯನ್ನು ಹಿಂದಕ್ಕೆ ತಳ್ಳಿದಳು. "ಬರೆದ್ರೆ ಫೈಲಿಗೆ ಸೇರುತ್ತೆ. ನಮ್ಮವರು ಬಂದು ಕೇಳಿದ್ರೆ ನೀವು ತೋರಿಸಲೇಬೇಕು, ಎಷ್ಟಂದ್ರೂ ಮಗುವಿನ ಅಪ್ಪ. ನನ್ನ ಕೈಬರಹ ಕಂಡ್ರೆ ಮನೇಲಿ ನನ್ನ ಗತಿ ಮುಗೀತು. ನಮ್ಮಿಬ್ಬರ ನಡುವೆ ಕಾಗದ ಬೇಕಾ ಅಕ್ಕಾ?"

ದೊಡ್ಡಮ್ಮ ಸೋತದ್ದು ಅಲ್ಲೇ. ಹಾಳೆಯನ್ನು ಮಡಿಸಿ ಒಳಗಿಟ್ಟಳು. ಅಪ್ಪ ಅಮ್ಮಂದಿರೆಲ್ಲರಿಗೂ ಓದಿ ಹೇಳಿದ ನಿಯಮವನ್ನು ತಾನೇ ಮುರಿಯುತ್ತಿದ್ದೇನೆ ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ. ಆದರೆ ಅಳುತ್ತಿರುವ ತಂಗಿಯ ಮುಂದೆ ಕೈಪಿಡಿ ಬಿಚ್ಚಿ ಕೂರುವಷ್ಟು ಕಲ್ಲುಮನಸ್ಸು ಅವಳದಲ್ಲ.

ಎರಡೇ ದಿನಕ್ಕೆ ಅಜ್ಜಿ ಬಂದೇಬಿಟ್ಟರು. ದೊಡ್ಡಮ್ಮ ಗೇಟಿನ ಚಿಲಕದ ಮೇಲೆ ಕೈಯಿಟ್ಟು ನಿಂತಳು.

"ಮಗು ಕಳಿಸೋಕಾಗಲ್ಲ. ಅವರಮ್ಮ ಬರಲಿ."

"ನಾನು ಅದರ ಅಜ್ಜಿ. ಬೀದಿಯವಳಲ್ಲ. ನನ್ನ ಹೆಸರಿಲ್ವಾ ನಿಮ್ಮ ಹತ್ರ?"

"ಇದೆ."

"ಮತ್ತೆ? ಯಾರು ಹೇಳಿದ್ರು ಕೊಡಬೇಡ ಅಂತ? ನನ್ನ ಸೊಸೆ ಹೇಳಿದ್ಲಾ?"

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ದೊಡ್ಡಮ್ಮ ಹಲ್ಲು ಕಚ್ಚಿಕೊಂಡು "ಯಾರೂ ಹೇಳಿಲ್ಲ, ನಾನೇ ಕೊಡಲ್ಲ" ಎಂದಳು. ಮುದುಕಿ ಬಾಯಿಗೆ ಬಂದದ್ದೆಲ್ಲ ಅಂದರು. ಮಗುವನ್ನು ಒತ್ತೆ ಇಟ್ಟುಕೊಂಡಿದ್ದಾಳೆ ಎಂದರು, ಮಕ್ಕಳಿಲ್ಲದವಳಿಗೆ ಇನ್ನೊಬ್ಬರ ಕರುಳು ಏನು ಗೊತ್ತು ಎಂದರು. ಹೊಲಿಗೆ ಯಂತ್ರ ನಿಂತಿತು, ಕಿಟಕಿಗಳು ತೆರೆದವು. ದೊಡ್ಡಮ್ಮ ಚಿಲಕದಿಂದ ಕೈ ತೆಗೆಯಲಿಲ್ಲ. ಸಂಜೆ ಪಿಟೀಲಿನ ಅಮ್ಮ ಬಂದು ಅವಳ ಎರಡೂ ಕೈ ಹಿಡಿದು ಅತ್ತಳು. ಈ ಉಪಕಾರ ಸಾಯುವವರೆಗೂ ಮರೆಯುವುದಿಲ್ಲ ಎಂದಳು.

ಮರೆಯಲು ವಾರವೂ ಬೇಕಾಗಲಿಲ್ಲ.

ಅಜ್ಜಿ ಸುಮ್ಮನಿರುವ ಪೈಕಿ ಅಲ್ಲ. ಮಗುವನ್ನು ಮನೆಯವರಿಗೇ ಕೊಡುವುದಿಲ್ಲವಂತೆ ಎಂಬ ಸುದ್ದಿ ಎಲ್ಲ ಅಪ್ಪ ಅಮ್ಮಂದಿರ ಕಿವಿಗೂ ಬಿತ್ತು. ನಾಳೆ ನಮ್ಮ ಮಗುವನ್ನೂ ಹಿಡಿದಿಟ್ಟುಕೊಂಡರೆ? ಸಭೆ ಕರೆಯಿರಿ ಎಂದರು. ದೊಡ್ಡಮ್ಮ ಕರೆದಳು, ಅವಳಿಗೆ ಹೆದರಿಕೆ ಇರಲಿಲ್ಲ. ಪಿಟೀಲಿನ ಅಮ್ಮ ಬರುತ್ತಾಳೆ, ಇಂಥ ಕಷ್ಟದಲ್ಲಿದ್ದೆ, ನಾನೇ ಕೇಳಿಕೊಂಡಿದ್ದೆ ಎಂದು ನಾಲ್ಕು ಜನರ ಮುಂದೆ ಒಂದು ಮಾತು ಹೇಳುತ್ತಾಳೆ, ಮುಗಿಯಿತು.

ಅವಳು ಬಂದಳು. ಗಂಡ ಒಂದು ಕಡೆ, ಅತ್ತೆ ಇನ್ನೊಂದು ಕಡೆ, ಮಧ್ಯದಲ್ಲಿ ಅವಳು. ಮನೆಯಲ್ಲಿ ರಾಜಿಯಾಗಿತ್ತು ಎಂಬುದು ಮುಖ ನೋಡಿದರೇ ತಿಳಿಯುತ್ತಿತ್ತು. ಮೂವರೂ ಪುಟ್ಟ ಕುರ್ಚಿಗಳಲ್ಲಿ ಸಾಲಾಗಿ ಕೂತರು.

"ನಮ್ಮ ಮಗುನ ನಮ್ಮಮ್ಮನಿಗೇ ಕೊಡಲ್ಲ ಅಂದ್ರೆ ಏನರ್ಥ?" ಎಂದ ಗಂಡ.

"ಕಾರಣ ಇತ್ತು. ಗೊತ್ತಿರೋರು ಇಲ್ಲೇ ಕೂತಿದ್ದಾರೆ," ಎಂದಳು ದೊಡ್ಡಮ್ಮ, ಅವಳ ಕಡೆ ನೋಡುತ್ತಾ.

ಎಲ್ಲರ ಕತ್ತೂ ತಿರುಗಿತು. ಪಿಟೀಲಿನ ಅಮ್ಮ ಎದ್ದು ನಿಂತಳು. ಕೈಯಲ್ಲಿ ಕೈಪಿಡಿ ಇತ್ತು. ಪುಟ ತೆಗೆದು, ಅಂಗಡಿಯಲ್ಲಿ ಗಿರಾಕಿಗೆ ಬೆಲೆ ಹೇಳುವಷ್ಟು ಮೆತ್ತಗೆ ಓದಿದಳು: "ಹೆಸರುಗಳಲ್ಲಿ ಬದಲಾವಣೆ ಇದ್ದರೆ ಬರಹದಲ್ಲೇ ಕೊಡಬೇಕು, ಬಾಯಿಮಾತು ನಡೆಯುವುದಿಲ್ಲ." ಆಮೇಲೆ ತಲೆ ಎತ್ತಿದಳು. "ನಾನೇನಾದ್ರೂ ಬರೆದುಕೊಟ್ಟಿದ್ದೀನಾ ಮೇಡಂ? ಇದ್ರೆ ತೋರಿಸಿ."

ಮೇಡಂ! ದೊಡ್ಡಮ್ಮನಿಗೆ ಮೊದಲು ನಾಟಿದ್ದು ಅದು. ಉಳಿದದ್ದು ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ತನ್ನ ಅಡುಗೆಮನೆಯಲ್ಲಿ ಕೂತು, ತನ್ನ ರಕ್ಷಣೆಗೆಂದು ಇವಳೇ ಸೇರಿಸಿದ ಸಾಲು ಅದು. ಅದನ್ನೇ ಹಿಡಿದು ತನ್ನ ಕತ್ತು ಕೊಯ್ಯುತ್ತಿದ್ದಾಳೆ, ಅದೂ ದನಿ ಏರಿಸದೆ. ನೀನು ಬಂದು ಅಳಲಿಲ್ಲವೇನೇ ಎಂದು ಕೂಗಬೇಕೆನಿಸಿತು. ಆದರೆ ಗೇಟಿನ ಹತ್ತಿರ ಬೀದಿಯೆಲ್ಲ ಕೇಳುವಂತೆ ಯಾರೂ ಹೇಳಿಲ್ಲ ಎಂದವಳು ತಾನೇ. ಈಗ ಏನು ಹೇಳಿದರೂ ತಾನೇ ಸುಳ್ಳಿ.

"ಇಲ್ಲ," ಎಂದಳು. "ಬರೆದುಕೊಟ್ಟಿಲ್ಲ. ತಪ್ಪಾಯ್ತು."

"ಇನ್ಮೇಲೆ ನಮ್ಮಮ್ಮ ಬಂದ್ರೆ ಮಾತಿಲ್ಲದೆ ಕಳಿಸಬೇಕು," ಎಂದ ಗಂಡ. ದೊಡ್ಡಮ್ಮ ಎಲ್ಲರೆದುರು ತಲೆಯಾಡಿಸಿದಳು. ಅವಳಿಗಳ ಅಪ್ಪ, ಅವನು ಕೂಡ, ನಿಯಮ ಅಂದರೆ ನಿಯಮ ನೋಡಿ ಎಂದು ಬುದ್ಧಿ ಹೇಳಿ ಹೋದ. ಆ ವಾರದಲ್ಲೇ ಇಬ್ಬರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಇನ್ನೊಂದು ದೂರು ಬಂದರೆ ಪರವಾನಗಿ ರದ್ದು ಎಂದು ಇನ್ಸ್‌ಪೆಕ್ಟರಮ್ಮ ಫೋನಿನಲ್ಲೇ ಕಿವಿ ಹಿಂಡಿದಳು.

ಹೊತ್ತಿಗೆ ಸರಿಯಾಗಿ ಬೇರೆ ಜಾಗ ಸಿಗದೆ ಪಿಟೀಲು ಬರುತ್ತಲೇ ಇತ್ತು. ದೊಡ್ಡಮ್ಮ ಮಗುವಿಗೆ ಏನೂ ಕಡಿಮೆ ಮಾಡಲಿಲ್ಲ. ಅಮ್ಮನ ಮುಖ ನೋಡುವುದನ್ನು ಬಿಟ್ಟಳು, ಅಷ್ಟೆ. ಪಾತ್ರೆ ತೊಳೆಯುವಾಗ, ಹಾಸಿಗೆ ಮಡಿಸುವಾಗ ಒಂದೇ ಮಾತು ಒಳಗೊಳಗೆ ಕುದಿಯುತ್ತಿತ್ತು: ನಿನ್ನನ್ನು ನಂಬಿದ್ದೆನಲ್ಲೇ. ಒಂದು ದಿನ ಇದನ್ನು ಅವಳ ಮುಖದ ಮೇಲೆ ಹೇಳಬೇಕು.

ಒಂದು ಬೆಳಗ್ಗೆ ಪಿಟೀಲಿನ ಅಮ್ಮ ಮಗುವಿನ ಚಪ್ಪಲಿ ಬಿಚ್ಚುವ ನೆಪದಲ್ಲಿ ಬಗ್ಗಿದವಳು ಏಳಲಿಲ್ಲ. ಬೀದಿಯಲ್ಲಿ ಗಂಡನ ಕಾರು ನಿಂತಿತ್ತು.

"ಅಕ್ಕಾ, ಕೋಪ ಮಾಡ್ಕೋಬೇಡಿ. ಅವತ್ತು ನಂಗೆ ಬೇರೆ ದಾರಿ ಇರಲಿಲ್ಲ. ನಾನು ಆ ಮನೇಲಿ ಬಾಳಬೇಕಲ್ಲ. ಅತ್ತೆ ಇವತ್ತು ಊರಿಗೆ ಹೊರಟಿದ್ದಾರೆ. ಮಗು ಬಟ್ಟೆನೂ ಅವರ ಚೀಲಕ್ಕೆ ಹಾಕ್ಕೊಂಡಿದ್ದಾರೆ, ನಾನು ನೋಡ್ದೆ. ಬಂದು ಕೇಳಿದ್ರೆ ಏನಾದ್ರೂ ನೆಪ ಹೇಳಿ. ನಿಮಗೆ ಕೈ ಮುಗೀತೀನಿ."

ದೊಡ್ಡಮ್ಮ ಒಳಗೆ ಹೋಗಿ ಹಾಳೆ, ಪೆನ್ನು ತಂದಳು.

"ಬರೆದುಕೊಡಿ," ಎಂದಳು. ಅವಳನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಅವಳು ಪೆನ್ನು ತೆಗೆದುಕೊಂಡಳು. ಹಾಳೆಯ ಮೇಲೆ ಇಟ್ಟಳು ಕೂಡ. ಬೀದಿಯಲ್ಲಿ ಹಾರನ್ ಕೂಗಿತು. ಒಮ್ಮೆ ಕಾರಿನ ಕಡೆ ನೋಡಿ, ಒಮ್ಮೆ ಮಗುವಿನ ಕಡೆ ನೋಡಿ, ಪೆನ್ನನ್ನು ಚಪ್ಪಲಿ ಗೂಡಿನ ಮೇಲಿಟ್ಟಳು. "ನಿಮಗೆ ಗೊತ್ತಲ್ಲ ಅಕ್ಕಾ," ಎಂದು ಓಡಿದಳು. ಹಾಳೆಯ ಮೇಲೆ ಒಂದು ಚುಕ್ಕೆ ಬಿಟ್ಟರೆ ಏನೂ ಇರಲಿಲ್ಲ.

ಮಧ್ಯಾಹ್ನ ಅಜ್ಜಿ ಬಂದರು. ಹಿಂದೆ ಟ್ಯಾಕ್ಸಿ, ಟ್ಯಾಕ್ಸಿಯಲ್ಲಿ ಚೀಲಗಳು. ಈ ಸಲ ಅವರು ಜಗಳಕ್ಕೆ ಬಂದಿರಲಿಲ್ಲ, ನಗುತ್ತಲೇ ಇದ್ದರು. ಪಿಟೀಲು ಮಲಗಿತ್ತು. ಮಲಗಿದೆ, ಸಂಜೆ ಬನ್ನಿ ಎಂಬ ನೆಪವೇ ಸಾಕಿತ್ತು, ರೈಲು ತಪ್ಪುತ್ತಿತ್ತು. ದೊಡ್ಡಮ್ಮ ಒಳಗೆ ಬಂದು ಫೋನ್ ಕೈಗೆತ್ತಿಕೊಂಡಳು. ಕನ್ನಡಕದ ಅಂಗಡಿ ಹತ್ತು ನಿಮಿಷದ ದಾರಿ. ಒಂದು ಕರೆ ಮಾಡಿದ್ದರೆ ಅವಳು ಓಡಿಬರುತ್ತಿದ್ದಳು. ಬಂದು, ಎಲ್ಲರೆದುರು ಮತ್ತೆ ಮೇಡಂ ಎನ್ನುತ್ತಿದ್ದಳು. ದೊಡ್ಡಮ್ಮ ಫೋನ್ ಕೆಳಗಿಟ್ಟಳು.

ಮಗುವನ್ನು ಎಬ್ಬಿಸಿ ಮುಖ ತೊಳೆಸಿದಳು. ತಲೆ ಬಾಚಿದಳು. ನಿದ್ದೆಗಣ್ಣಿನಲ್ಲೇ ಅದು ಅವಳ ಕುತ್ತಿಗೆ ತಬ್ಬಿಕೊಂಡಿತು, ಅಜ್ಜಿಯ ಕೈಗೆ ಕೊಡುವಾಗ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ನಿಯಮದಲ್ಲಿ ಇದ್ದ ಹಾಗೇ ಮಾಡಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಸುಳ್ಳಲ್ಲ, ಆದರೆ ಫೋನ್ ಕೆಳಗಿಟ್ಟ ಕೈ ನಿಯಮದ್ದಲ್ಲ, ತನ್ನದು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಟ್ಯಾಕ್ಸಿ ತಿರುವಿನಲ್ಲಿ ಮರೆಯಾದ ಮೇಲೂ ಅವಳು ಗೇಟಿನಲ್ಲೇ ನಿಂತಿದ್ದಳು.

ಸಂಜೆ ಪಿಟೀಲಿನ ಅಮ್ಮ ಬಂದಾಗ ಒಳಗೆ ಅವಳಿಗಳಿಬ್ಬರೇ ಇದ್ದರು.

"ಅಕ್ಕಾ, ಮಗು?"

"ಅಜ್ಜಿ ಬಂದಿದ್ರು. ಕೊಟ್ಟೆ."

"ಕೊಟ್ರಾ? ನಾನು ಬೆಳಗ್ಗೆ ಅಷ್ಟು ಹೇಳಿದ್ದೆನಲ್ಲ!"

"ಬಾಯಲ್ಲಿ ಹೇಳಿದ್ರಿ."

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ರೈಲು ಹೋಗಿ ಎಷ್ಟೋ ಹೊತ್ತಾಗಿತ್ತು. ಗಂಡನಿಗೆ ಫೋನ್ ಮಾಡಿದಳು, ಅವನು ಎತ್ತಲಿಲ್ಲ. ಮತ್ತೆ ಮಾಡಿದಳು. ಆಮೇಲೆ ಫೋನನ್ನು ಮಡಿಲಲ್ಲಿಟ್ಟುಕೊಂಡು ದೊಡ್ಡಮ್ಮನನ್ನು ನೋಡಿದಳು. ಆ ನೋಟದಲ್ಲಿ ನಾಟಕ ಇರಲಿಲ್ಲ.

"ನಿಮ್ಮನ್ನ ನಂಬಿದ್ದೆ ಅಕ್ಕಾ," ಎಂದಳು.

ಇಷ್ಟು ದಿನ ದೊಡ್ಡಮ್ಮ ನಾಲಿಗೆಯ ತುದಿಯಲ್ಲಿ ಕಾದಿಟ್ಟುಕೊಂಡಿದ್ದ ಮಾತನ್ನು ಅವಳೇ ಮೊದಲು ಆಡಿಬಿಟ್ಟಳು. ನಾನೂ ನಿನ್ನನ್ನ ನಂಬಿದ್ದೆ ಎಂದು ತಿರುಗಿಸಿ ಹೇಳಲು ದೊಡ್ಡಮ್ಮ ಬಾಯಿ ತೆರೆದಳು. ಆದರೆ ಹಾಗೆಂದು ಬಾಯಿಬಿಟ್ಟು ಹೇಳದೆಯೇ ಇಬ್ಬರನ್ನೂ ನಂಬಿಕೊಂಡಿದ್ದ ಮೂರನೆಯವಳು, ಪಿಟೀಲು, ಈ ಹೊತ್ತಿಗೆ ಎಲ್ಲೋ ರೈಲಿನ ಕಿಟಕಿಯ ಪಕ್ಕ ಅಮ್ಮನನ್ನೋ ದೊಡ್ಡಮ್ಮನನ್ನೋ ಕೇಳುತ್ತಾ ಅಳುತ್ತಿರಬೇಕು. ದೊಡ್ಡಮ್ಮ ಒಳಗೆ ಹೋಗಲೂ ಇಲ್ಲ, ಮೆಟ್ಟಿಲ ಮೇಲೆ ಪಿಟೀಲಿನ ಅಮ್ಮನ ಪಕ್ಕದಲ್ಲಿ ಕೂರಲೂ ಇಲ್ಲ.